ತೋಟದ ಬಂಗಲೆಯಲ್ಲಿ ಬೋಲ್ಟು ಹಾಕಿದ ಪಿಯಾನೊ

ನಾನು ಕೊಡಗಿನ ಸಿದ್ದಾಪುರದ ಕಡೆ ಕಾಫಿ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್, ರಿಪೇರಿ ಮಾಡುವವನು. ಎಲ್ಲಾದರೂ ಬೋಲ್ಟು ಸಡಿಲ ಇದ್ದರೆ ಮೆಷಿನ್ ಮುಟ್ಟುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಪಿಯಾನೊ ತಂತಿಗಳ ಮಧ್ಯೆ ಬೇಕಂತಲೇ ಸ್ಕ್ರೂ, ಬೋಲ್ಟು, ರಬ್ಬರ್ ಸಿಕ್ಕಿಸಿ ನುಡಿಸುತ್ತಾರೆ ಅಂತ ಕೇಳಿದ ಮೇಲೆ ಮನೆಯಲ್ಲಿ ಕೂರಲು ಆಗಲಿಲ್ಲ. ತೋಟದ ನಡುವಿನ ಹಳೇ ಬಂಗಲೆ, ಈಗ ಹೋಂಸ್ಟೇ. ಟಿಕೆಟ್ 500 ರೂಪಾಯಿ, ಕಾಫಿ ಸೇರಿ.

ಏಳಕ್ಕೆ ಶುರು. ನೀವು ಆರಕ್ಕೇ ಹೋಗಿ, ಸಿಕ್ಕಿಸುವ ಕೆಲಸ ನೋಡಲು ಬಿಡುತ್ತಾರೆ. ಗ್ರ್ಯಾಂಡ್ ಪಿಯಾನೊದಲ್ಲಿ ಮೇಲಿನ ಸ್ವರಗಳಿಗೆ ಕೀಗೆ ಮೂರು ತಂತಿ. ಎರಡನೆಯದು, ಮೂರನೆಯದರ ನಡುವೆ ಸ್ಕ್ರೂ ಕೂರಿಸಿದರೆ ಅವೆರಡು ಗಂಟೆಯ ಹಾಗೆ ನುಡಿಯುತ್ತವೆ, ಮೊದಲನೆಯದು ಮಾಮೂಲಿ ದನಿಯಲ್ಲೇ ಇರುತ್ತದೆ. ಎಡಗಡೆ ಪೆಡಲ್ ಒತ್ತಿದರೆ ಸುತ್ತಿಗೆಗಳು ಪಕ್ಕಕ್ಕೆ ಸರಿದು ಆ ಮೊದಲ ತಂತಿಯನ್ನು ಬಿಟ್ಟುಬಿಡುತ್ತವೆ. ಆಗ ಬರೀ ಗಂಟೆ! ಸ್ಕ್ರೂ ಒಂದು ಚೂರು ಸರಿದರೂ ದನಿ ಬೇರೆ. ರಬ್ಬರ್ ಇಟ್ಟ ಕೀ ನಮ್ಮ ದುಡಿ ವಾದ್ಯದ ಹಾಗೆ ಡುಬ್ ಅನ್ನುತ್ತದೆ.

1940ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಕೇಜ್ ಅನ್ನುವ ಸಂಗೀತ ರಚನೆಕಾರರು ಒಂದು ನೃತ್ಯಕ್ಕಾಗಿ ಇದನ್ನು ಮಾಡಿದರಂತೆ. ತಾಳವಾದ್ಯಗಳನ್ನೆಲ್ಲ ಇಡಲು ಅಲ್ಲಿ ಜಾಗ ಇರಲಿಲ್ಲ. ಆದರೆ ಕೇಜ್ ಯಾವ ತಂತಿಗೆ ಯಾವ ಸಾಮಾನು, ಯಾವ ಸ್ವರ ಅಂತ ಬರೆದಿಡುತ್ತಿದ್ದರು. ಇಲ್ಲಿ ನುಡಿಸಿದವರ ಮುಂದೆ ಒಂದು ಕಾಗದವೂ ಇರಲಿಲ್ಲ. ಆ ಹೊತ್ತಿಗೆ ಕಿವಿಗೆ ಬಿದ್ದದ್ದೇ ದಾರಿ.

ಮೊದಲ ಇಪ್ಪತ್ತು ನಿಮಿಷ ನಾನು ತಪ್ಪು ಹುಡುಕುತ್ತಿದ್ದೆ, ಕೆಲಸದ ಅಭ್ಯಾಸ. ಅಷ್ಟರಲ್ಲಿ ಕಕ್ಕಡ ತಿಂಗಳ ಜೋರು ಮಳೆ ಹಂಚಿನ ಮೇಲೆ ಸುರಿಯಿತು. ಅವರು ಕೈ ತೆಗೆದು ಸುಮ್ಮನೆ ಕೂತರು. ಮಳೆ ಸ್ವಲ್ಪ ಇಳಿದಾಗ ಕೆಳಗಿನ ಎರಡು ಕೀ, ಮೆಲ್ಲಗೆ. ಮತ್ತೆ ಮಳೆ. ಮತ್ತೆ ಆ ಎರಡು ಕೀ. ಆಮೇಲೆ ಒಂದು ಬೋಲ್ಟು ಸಡಿಲವಾಗಿ ಜರ್ ಅಂದಿತು. ನನಗೆ ತಕ್ಷಣ ಗೊತ್ತಾಯಿತು, ಅವರಿಗೂ. ತೆಗೆಯುತ್ತಾರೆ ಅಂದುಕೊಂಡೆ. ಇಲ್ಲ, ಅದೇ ಕೀಯನ್ನು ಮತ್ತೆ ಮತ್ತೆ ಒತ್ತಿದರು. ಒಮ್ಮೆ ಜೋರಾಗಿ, ಒಮ್ಮೆ ಕೇಳಿಸದಷ್ಟು ಮೆಲ್ಲಗೆ. ಆ ಜರ್ ಒಳಗೆ ಎಷ್ಟು ದನಿಗಳಿದ್ದವು! ಮೂವತ್ತು ವರ್ಷದಿಂದ ಆ ಸದ್ದು ಕೇಳಿದ ಕೂಡಲೇ ನಿಲ್ಲಿಸುತ್ತಾ ಬಂದವನು ನಾನು. ಅವತ್ತು ಮೊದಲ ಸಲ ಪೂರ್ತಿ ಕೇಳಿದೆ. ಮೈ ಜುಮ್ಮೆಂದಿತು.

ಬೇಜಾರಾದದ್ದು ಒಂದೇ. ಕರೆಂಟು ಹೋಗಿ, ಗೋಡೆಯಾಚೆಗೇ ಇದ್ದ ಜನರೇಟರ್ ಹಾಕಿದರು. ಕೊನೆಯ ಹತ್ತು ನಿಮಿಷ ಅದರ ಗಲಾಟೆಯಲ್ಲೇ ಹೋಯಿತು. ಇಂಥದ್ದಕ್ಕೆ ಎರಡು ಮೇಣದ ಬತ್ತಿ ಸಾಕು, ಅಲ್ವಾ? ಪ್ಲಾಸ್ಟಿಕ್ ಕುರ್ಚಿಗಳೂ ಜಾಸ್ತಿ ಕಿರುಗುಟ್ಟುತ್ತವೆ. ನೆಲದ ಚಾಪೆಯೇ ವಾಸಿ, ಪಿಯಾನೊಗೂ ಹತ್ತಿರ. ಮಳೆಗಾಲದಲ್ಲಿ ಕೊನೆಯ ಏರಿಗೆ ಜೀಪ್ ಬೇಕು. ಕಾಫಿ ಚೆನ್ನಾಗಿತ್ತು.

ಮುಂದಿನದು ಹುತ್ತರಿ ಹಬ್ಬ ಆದ ಮೇಲಂತೆ. ಮಗಳಿಗೂ ಸೇರಿಸಿ ಎರಡು ಟಿಕೆಟ್ ಹೇಳಿಟ್ಟಿದ್ದೇನೆ. ಅಷ್ಟರೊಳಗೆ ಜನರೇಟರನ್ನು ಕಾಫಿ ಕಣದ ಆಚೆಗೆ ಸಾಗಿಸಿ, ಕೇಬಲ್ ಎಳೆದುಕೊಡುತ್ತೇನೆ ಅಂತಲೂ ಹೇಳಿ ಬಂದೆ.