ಅಜ್ಜನ ಕೇಪಿನ ಕೋವಿ, ಅಪ್ಪನ ಜೋಡುನಳಿಗೆ, ನನ್ನ ಹೊಸದು: ಬಿಟ್ಟದ್ದು ಯಾವುದನ್ನು?

2019ರ ಡಿಸೆಂಬರಿನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂತು. ಒಬ್ಬನ ಹೆಸರಿನಲ್ಲಿ ಮೂರು ಕೋವಿ ಇರಬಹುದು ಎಂದಿದ್ದದ್ದು ಎರಡಕ್ಕಿಳಿಯಿತು. ಹೆಚ್ಚಿಗೆ ಇರುವುದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಬೇಕು. ನನ್ನಲ್ಲಿ ಸರಿಯಾಗಿ ಮೂರಿದ್ದವು. ಅಜ್ಜನ ಕೇಪಿನ ಕೋವಿ, ಅಪ್ಪನ ಹಳೆಯ ಇಂಗ್ಲಿಷ್ ಜೋಡುನಳಿಗೆ, ಅಪ್ಪ ತೀರಿಕೊಂಡ ಮೇಲೆ ನಾನೇ ತೆಗೆದುಕೊಂಡ ಹೊಸ ಜೋಡುನಳಿಗೆ. "ಮೂರನ್ನೂ ಕೊಟ್ಟುಬಿಡಿ, ಗೋಡೆಲಿ ಕ್ಯಾಲೆಂಡರ್ ನೇಲ್ಸುಲೆ ಜಾಗೆ ಆವುತ್ತು" ಎಂದಳು ಮನೆಯವಳು. ಅವಳ ಮಾತು ಕೇಳುವ ಬದಲು ಆ ಒಂದು ವರ್ಷ ಮೂರನ್ನೂ ಸರದಿಯಲ್ಲಿ ಹಿಡಿದು ನೋಡಿದೆ.

ನಮ್ಮ ತೋಟ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ಕಡೆ ಇದೆ. ಅಡಿಕೆ, ತೆಂಗು, ನಡುವೆ ಬಾಳೆ, ಗುಡ್ಡೆಯ ಬದಿಗೆ ಮರಗೆಣಸು. ಬೇಟೆ ಎಂದಕೂಡಲೇ ಕೆಲವರಿಗೆ ಮಾಂಸದ ಪರಿಮಳ ಬರುತ್ತದೆ. ನಮ್ಮದು ಬೆಳ್ಳುಳ್ಳಿಗೂ ಒಳಗೆ ಜಾಗವಿಲ್ಲದ ಹವ್ಯಕರ ಮನೆ. ಅಜ್ಜನ ಕಾಲದಲ್ಲಿ ಊರವರೆಲ್ಲ ಸೇರಿ ಗುಡ್ಡೆಯಲ್ಲಿ ಹಂದಿ ಎಬ್ಬಿಸುತ್ತಿದ್ದರಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಅದು ಮುಗಿಯಿತು. ಆಮೇಲೆ ಕೋವಿಗೆ ಉಳಿದದ್ದು ಬೆಳೆ ಕಾಯುವ ಕೆಲಸ. ನೂರು ಸಲ ಶಬ್ದ ಮಾಡಬೇಕು, ಅಪ್ಪಣೆ ಸಿಕ್ಕಿದ ಒಂದು ಸಲ ಗುಂಡು ಹೊಡೆಯಬೇಕು. ನನ್ನ ಹೋಲಿಕೆಯೂ ಈ ಎರಡು ಕೆಲಸಕ್ಕೆ ಸಂಬಂಧಿಸಿದ್ದು, ಕ್ಲಬ್ಬಿನಲ್ಲಿ ಪದಕ ಗೆಲ್ಲುವವರಿಗೆ ಇದರಿಂದ ಉಪಕಾರವಿಲ್ಲ.

ಮೊದಲು ಅಜ್ಜನದ್ದು. ಒಂಟಿ ನಳಿಗೆ, ಬಾಯಿಯಿಂದ ತುಂಬುವ ಕೋವಿ, ಹಲಸಿನ ಮರದ ಹಿಡಿ. ಮಾಡಿದವನ ಹೆಸರಿಲ್ಲ, ನಳಿಗೆಯ ಮೇಲೆ ಒಂದು ನಂಬರು ಮಾತ್ರ. ಅದರ ಹಳೇ ಲೈಸೆನ್ಸ್ ಪುಸ್ತಕದಲ್ಲಿ ಸೌತ್ ಕೆನರಾ ಜಿಲ್ಲೆಯ ಮುದ್ರೆಯಿದೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರುವ ಮೊದಲಿನ ಕಾಗದ. ಕೋವಿ ಗೋಡೆ ಬಿಟ್ಟು ಕದಲದೆಯೇ ರಾಜ್ಯ ಬದಲಿಸಿತು.

ತುಂಬುವ ಕ್ರಮವನ್ನು ಅಜ್ಜ ಕಲಿಸಿದ್ದು ಪೂಜೆಯ ಕ್ರಮ ಕಲಿಸಿದ ಹಾಗೆಯೇ. ಬಿದಿರಿನ ಅಳತೆಯಲ್ಲಿ ಮದ್ದು, ಅದರ ಮೇಲೆ ತೆಂಗಿನ ನಾರಿನ ಉಂಡೆ, ಚರೆ ಎಂಬ ಸೀಸದ ಸಣ್ಣ ಗುಂಡುಗಳು, ಮತ್ತೆ ನಾರು. ಗಜದಿಂದ, ಅಂದರೆ ತುಂಬುವ ಸರಳಿನಿಂದ, ಜಡಿದಾದ ಮೇಲೆ ಕೊನೆಗೆ ಕೇಪು, ಏಟು ಬಿದ್ದಾಗ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ. ಗಜದ ಮೇಲೆ ಎರಡು ಗೆರೆ ಕೊರೆದಿದ್ದಾರೆ. ಬಾಯಿಯಿಂದ ಇಳಿಸಿದಾಗ ಮೇಲಿನ ಗೆರೆಯವರೆಗೆ ಇಳಿದರೆ ಕೋವಿ ಖಾಲಿ, ಕೆಳಗಿನ ಗೆರೆಗೇ ನಿಂತರೆ ತುಂಬಿದೆ. ಕತ್ತಲಲ್ಲಿ ಮರೆತು ಎರಡು ಸಲ ಮದ್ದು ತುಂಬಿ ಕೈ ಕಳಕೊಂಡವರ ಕಥೆ ಚಿಕ್ಕಂದಿನಲ್ಲಿ ಕೇಳಿದ್ದೆ. ಹಾಗಾಗಿ ಇವತ್ತಿಗೂ ಕೋವಿ ಕೆಳಗಿಳಿಸಿದ ತಕ್ಷಣ ಗಜದ ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತೇನೆ. ಬೇರೆ ಎರಡು ಕೋವಿಗೆ ಈ ಗೊಡವೆಯೇ ಇಲ್ಲ, ನಡುವಿನ ಕೀಲಿನಲ್ಲಿ ಬಾಗಿಸಿ ತೆರೆದು ನೋಡಿದರೆ ನಳಿಗೆಯಲ್ಲಿ ಆಕಾಶ ಕಾಣುತ್ತದೆ.

ಬೇಸಿಗೆಯಲ್ಲಿ ಅಜ್ಜನ ಕೋವಿಗೆ ಸಾಟಿಯಿಲ್ಲ. ಇದರ ಏಟು ಹೆಗಲನ್ನು ಒದೆಯುವುದಿಲ್ಲ, ನೂಕುತ್ತದೆ. ಶಬ್ದವೂ ತೋಟೆಯ (ಕಾರ್ಟ್ರಿಜ್) ಶಬ್ದದ ಹಾಗೆ ಸೀಳುವುದಿಲ್ಲ. ಗುಡ್ಡೆಯಿಂದ ಗುಡ್ಡೆಗೆ ಉರುಳಿ ಹೋಗುತ್ತದೆ. ಮಂಗಗಳನ್ನು ಓಡಿಸಲು ಚರೆಯೇ ಬೇಡ, ಬರೀ ಮದ್ದು ಮತ್ತು ನಾರು ಸಾಕು. ತೋಟೆಗೆ ಕೊಡುವ ದುಡ್ಡಿನ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ.

ಹೊಗೆ ಮಾತ್ರ ದೊಡ್ಡ ತೊಂದರೆ. ಗಾಳಿಯಿಲ್ಲದ ಸಂಜೆ ತೋಟದ ತಗ್ಗಿನಲ್ಲಿ ಒಂದು ಈಡು ಹೊಡೆದರೆ ಎದುರಿಗೆ ಬಿಳಿ ಪರದೆ ಇಳಿಬಿಟ್ಟ ಹಾಗೆ. ಮಾರ್ಚಿನಲ್ಲಿ ಒಮ್ಮೆ ಬರೀ ಮದ್ದು ಹೊಟ್ಟಿಸಿದಾಗ ಹಿಂದೆ ನಿಂತಿದ್ದ ಕೆಲಸದ ಅಣ್ಣ ಕೇಳಿದ, "ಅಣ್ಣೆರೆ, ಪಂಜಿ ಓಲುಂಡು?" (ಹಂದಿ ಎಲ್ಲಿದೆ?) ನಾನೇನು ಹೇಳಲಿ? ಅವನೇ ಉತ್ತರ ಕೊಟ್ಟುಕೊಂಡ, "ಪುಗೆ ಮಾತ್ರ ತೋಜುಂಡು." (ಹೊಗೆ ಮಾತ್ರ ಕಾಣುತ್ತದೆ.) ಗುಂಡು ತಾಗಿದ ಹಂದಿ ಆ ಹೊಗೆಯ ಆಚೆಯಿಂದ ತಿರುಗಿ ಬರುತ್ತದೆಂದುಕೊಂಡರೆ ಈ ಕೋವಿಯಲ್ಲಿ ಎರಡನೇ ಈಡಿಗೆ ನನಗೆ ಒಂದು ನಿಮಿಷವಾದರೂ ಬೇಕು. ಹಂದಿ ಅಷ್ಟು ಹೊತ್ತು ಕಾಯುವ ಪೈಕಿಯಲ್ಲ.

ಇನ್ನು ಆಟಿಯ ಮಳೆ. ಜುಲೈ ಕೊನೆಯ ಒಂದು ರಾತ್ರಿ ಮರಗೆಣಸಿನ ಸಾಲಿನಲ್ಲಿ ಮಣ್ಣು ಅಗೆಯುವ ಸದ್ದು ಕೇಳಿ ಹೋದೆ. ಕೊಡೆಯ ಅಡಿಯಲ್ಲೇ ಕೇಪು ಹಾಕಿ ಕುದುರೆ (ಟ್ರಿಗರ್) ಎಳೆದೆ. ಟಕ್. ಕೇಪು ಹೊಟ್ಟಿತು, ಮದ್ದಿಗೆ ಬೆಂಕಿ ತಲುಪಲಿಲ್ಲ. ಹಂದಿ ತಲೆ ಎತ್ತಿ ನನ್ನ ತಲೆದೀಪದ ಕಡೆ ನೋಡಿ ಮತ್ತೆ ಗೆಣಸಿಗೆ ಮೂತಿ ಹಾಕಿತು. ಹೀಗಾದಾಗ ಅಜ್ಜನ ನಿಯಮ ಒಂದೇ. ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು ಹತ್ತು ಗಾಯತ್ರಿ ಹೇಳುವಷ್ಟು ಹೊತ್ತು ಅಲುಗಾಡದೆ ನಿಲ್ಲಬೇಕು, ಕಿಡಿ ಒಳಗೇ ಕೂತಿದ್ದು ತಡವಾಗಿ ಹೊಟ್ಟಬಹುದು. ನಾನು ಗಾಯತ್ರಿ ಹೇಳಿದೆ, ಹಂದಿ ಗೆಣಸು ತಿಂದಿತು. ಮರುದಿನ ಭಾವನಿಗೆ ಹೇಳಿದರೆ ಒಂದೇ ಪ್ರಶ್ನೆ: "ಹತ್ತು ಗಾಯತ್ರಿಗೆ ಎಷ್ಟು ಬುಡ ಹೋತು ಭಾವಾ?" ನಾಲ್ಕು ಬುಡ ಹೋಗಿತ್ತು.

ಮತ್ತೆ ತೊಳೆಯುವ ಕೆಲಸ. ಕಪ್ಪು ಮದ್ದಿನ ಮಸಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ನಳಿಗೆಯಲ್ಲಿ ಕಾವಿ ಬಣ್ಣ. ಎಷ್ಟು ಹೊತ್ತಾದರೂ ಒಲೆ ಉರಿಸಿ, ಕುದಿಯುವ ನೀರು ಹೊಯ್ದು, ಬಟ್ಟೆ ಸುತ್ತಿದ ಗಜದಲ್ಲಿ ಉಜ್ಜಿ, ಒಣಗಿಸಿ ಎಣ್ಣೆ ಹಚ್ಚಬೇಕು. ನೀರು ಮೊದಲ ಸಲ ಇದ್ದಿಲಿನಷ್ಟು ಕಪ್ಪಾಗಿ ಇಳಿದು ಕೊಳೆತ ಮೊಟ್ಟೆಯ ವಾಸನೆ ಅಡುಗೆಮನೆ ತುಂಬುತ್ತದೆ. ಕ್ಯಾಲೆಂಡರಿನ ಮಾತು ಹುಟ್ಟಿದ್ದು ಅಂಥ ಒಂದು ರಾತ್ರಿಯೇ.

ಅಪ್ಪನದ್ದು 12 ಬೋರಿನ ಜೋಡುನಳಿಗೆ. 12 ಬೋರ್ ಎಂದರೆ ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಗುಂಡು ಎರೆದರೆ ಒಂದೊಂದರ ದಪ್ಪ ಎಷ್ಟೋ ನಳಿಗೆಯ ಬಾಯಿಯೂ ಅಷ್ಟು, ಹೆಚ್ಚುಕಡಿಮೆ 18.5 ಮಿ.ಮೀ. ನಳಿಗೆಯ ಅಡಿಯಲ್ಲಿ ಬರ್ಮಿಂಗ್‌ಹ್ಯಾಮಿನ ಪರೀಕ್ಷೆಯ ಮುದ್ರೆಗಳಿವೆ, ಜೊತೆಗೆ 'ನೈಟ್ರೋ ಪ್ರೂಫ್' ಎಂಬ ಅಕ್ಷರ, ಅಂದರೆ ಹೊಗೆಯಿಲ್ಲದ ಹೊಸ ಮದ್ದಿನ ಒತ್ತಡಕ್ಕೆ ಪರೀಕ್ಷಿಸಿದ್ದು. ಹಳೇ ಕೋವಿ ಕೈಗೆ ಬಂದವರು ಮೊದಲು ಹುಡುಕಬೇಕಾದದ್ದು ಇದನ್ನೇ. ನನ್ನ ಷಡ್ಡಕನ ಮನೆಯಲ್ಲೊಂದು ಬೆಲ್ಜಿಯಂ ಕೋವಿ ಇತ್ತು. ನಳಿಗೆಯ ಮೇಲೆ ಹಾವಿನ ಪೊರೆಯ ಹಾಗೆ ಸುಂದರ ಚಿತ್ತಾರ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ ಅದು. ಕಪ್ಪು ಮದ್ದಿನ ಕಾಲದ ವಸ್ತು. ಈಗಿನ ತೋಟೆಯ ಒತ್ತಡಕ್ಕೆ ಸೀಳಿದರೆ ಎಡಗೈಯೇ ಹೋಗುತ್ತದೆ. ಅದನ್ನು ನಾನು ಪರೀಕ್ಷೆಗೇ ಇಳಿಸಲಿಲ್ಲ.

ಅಪ್ಪನ ಕೋವಿಯನ್ನು ಅಡಿಕೆ ತೂಗುವ ತಕ್ಕಡಿಗೆ ಹಾಕಿದೆ, ಮೂರು ಕಿಲೋಕ್ಕೆ ತುಸು ಕಡಿಮೆ. ಹೊಸದು ಮೂರೂವರೆ. ಕಾಗದದಲ್ಲಿ ಅರ್ಧ ಕಿಲೋ ಏನೂ ಅಲ್ಲ. ಮೂರು ಗಂಟೆ ಅಟ್ಟಳಿಗೆಯಲ್ಲಿ ಕೂತು ಕಡೆಗೆ ಎರಡು ಸೆಕೆಂಡಿನಲ್ಲಿ ಎತ್ತಬೇಕಾದಾಗ ಅದು ಬೇರೆಯೇ ಲೆಕ್ಕ. ಅಪ್ಪನದ್ದು ಹೆಗಲಿಗೆ ತಾನಾಗಿ ಬಂದು ಕೂರುತ್ತದೆ. ಹೊಸದನ್ನು ನಾನೇ ಕರೆದು ಕೂರಿಸಬೇಕು.

ಗುಂಡು ಎಲ್ಲಿ ಹೋಗುತ್ತದೆ ಎಂದು ನೋಡಲು ಎರಡು ಅಡಿಕೆ ಹಾಳೆ ಹೊಲಿದು, ಹಿಂದೆ ಎತ್ತರದ ಮಣ್ಣಿನ ದರೆ ಇರುವ ಕಡೆ ತೂಗಿಸಿದೆ. ಮುರಕಲ್ಲಿಗೆ ಹೊಡೆಯಬಾರದು, ಗುಂಡು ಎತ್ತ ಚಿಮ್ಮುತ್ತದೆಂದು ಹೇಳಲಾಗದು. ಮೂವತ್ತು ಹೆಜ್ಜೆ, ಎಲ್‌ಜಿ ತೋಟೆ. ಅದರೊಳಗೆ ಬಟಾಣಿಗಿಂತ ದೊಡ್ಡ ಗುಂಡು ಆರು. ಅಪ್ಪನ ಕೋವಿಯ ಬಲ ನಳಿಗೆ ಆರರಲ್ಲಿ ನಾಲ್ಕನ್ನು ಹಾಳೆಗೆ ಕೂರಿಸಿತು, ಬಾಯಿ ಕಿರಿದಾದ ಎಡ ನಳಿಗೆ ಐದನ್ನು. ಹೊಸದರ ಬಲ ನಳಿಗೆಯೂ ನಾಲ್ಕು. ಅದರ ಎಡ ನಳಿಗೆ ಮೂರು ಸಲವೂ ಬಲಕ್ಕೆ ಒಂದು ಗೇಣು ಸರಿದು ಹೊಡೆಯಿತು, ಹಾಳೆಗೆ ಬಿದ್ದದ್ದು ಒಂದೋ ಎರಡೋ. ಅಜ್ಜನ ಕೋವಿ ಮೂವತ್ತಕ್ಕೆ ಚರೆಯನ್ನು ಬಿತ್ತನೆಯ ಹಾಗೆ ಚೆಲ್ಲಿತು. ಹದಿನೈದು ಹೆಜ್ಜೆಗೆ ತಂದರೆ ಹಾಳೆಯ ನಡುವೆ ಹಲಸಿನ ಹಣ್ಣು ಹೋಗುವಷ್ಟು ತೂತು.

ಅಪ್ಪನ ಕೋವಿಯ ಕೆಟ್ಟ ಗುಣ ಅದರಲ್ಲಿ ತೋಟೆ ಕೂರುವ ಕೋಣೆಯ ಉದ್ದ. ಅದು 65 ಮಿ.ಮೀ. ತೋಟೆಗೆ ಕೊರೆದದ್ದು. ಈಗಿನ ಹೆಚ್ಚಿನ ಕೋವಿಗಳದ್ದು 70. ಮೋಸ ಏನೆಂದರೆ 70ರ ತೋಟೆಯೂ ಅದರೊಳಗೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ. ತೋಟೆಯ ಅಳತೆ ಬರೆಯುವುದು ಬಾಯಿ ಬಿಚ್ಚಿದ ಮೇಲಿನ ಉದ್ದಕ್ಕೆ. ಹೊಡೆದಾಗ ಮಡಿಸಿದ ಬಾಯಿ ಮುಂದಿನ ಕಿರಿದಾದ ಜಾಗಕ್ಕೆ ಬಿಚ್ಚಿ ದಾರಿ ಕಟ್ಟುತ್ತದೆ, ಒತ್ತಡ ಏರುತ್ತದೆ. ಇದು ಗೊತ್ತಿದ್ದೂ ಒಂದು ರಾತ್ರಿ ಎರಡು ಕೋವಿಯ ತೋಟೆಗಳನ್ನು ಒಂದೇ ಕಿಸೆಗೆ ಹಾಕಿಕೊಂಡಿದ್ದೆ. ಕೆನ್ನೆಗೆ ಬಿದ್ದ ಪೆಟ್ಟಿಗೆ ತುಟಿ ಒಡೆಯಿತು. ಖಾಲಿ ತೋಟೆಯನ್ನು ಕಡ್ಡಿ ಹಾಕಿ ಹೊರಗೆ ನೂಕಬೇಕಾಯಿತು. ಬಾಯಿಯ ಅಂಚು ಹರಿದು ಕೊಡೆಬಟ್ಟೆಯ ಹಾಗೆ ಜೋತಿತ್ತು. ಕೋವಿ ಉಳಿದದ್ದು ಅದನ್ನು ಮಾಡಿದವನ ಪುಣ್ಯ. ಅಂದಿನಿಂದ 65ರ ತೋಟೆಗೆ ಹಳೇ ಬಿಸ್ಕತ್ತಿನ ಡಬ್ಬಿ, ಅದರ ಮೇಲೆ ಕೆಂಪು ಬಣ್ಣ.

ಹೊಸ ಕೋವಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಡ ನಳಿಗೆಯ ಬಲಚಾಳಿ ಬಿಟ್ಟರೆ ಕೆಟ್ಟದ್ದಲ್ಲ. ಮಳೆಗೆ ಹೆದರುವುದಿಲ್ಲ, ತೋಟೆ ಸುಲಭವಾಗಿ ಸಿಗುತ್ತದೆ, ಕುದುರೆ ಬಿಗಿ. ಹೊಸಬ ಒಬ್ಬನಿಗೆ ಒಂದೇ ಕೋವಿ ಎಂದಾದರೆ ಇದನ್ನೇ ತೆಗೆದುಕೊ ಎನ್ನುತ್ತೇನೆ.

ಆದರೂ ನಾನು ಬಿಟ್ಟದ್ದು ಇದನ್ನೇ. ಭಾವ ನಂಬಲಿಲ್ಲ. "ಮಳೆಲಿ ಹೊಟ್ಟದ್ದ ಬೆಡಿಯ ಮಡಿಕ್ಕೊಂಡು ಹೊಟ್ಟುವದರ ಕೊಡ್ತೆಯಾ?" (ಮಳೆಯಲ್ಲಿ ಹೊಟ್ಟದ ಕೋವಿ ಇಟ್ಟುಕೊಂಡು ಹೊಟ್ಟುವುದನ್ನು ಕೊಡುತ್ತೀಯಾ?) ಎಂದ. ನನ್ನ ಲೆಕ್ಕ ಬೇರೆ. ಹೊಸದು ಮಾಡುವ ಕೆಲಸವನ್ನೆಲ್ಲ ಅಪ್ಪನದ್ದು ಅದಕ್ಕಿಂತ ಚೆನ್ನಾಗಿ ಮಾಡುತ್ತದೆ. ಅಜ್ಜನದ್ದು ಮಾಡುವ ಅಗ್ಗದ ದೊಡ್ಡ ಶಬ್ದವನ್ನು ಇವೆರಡೂ ಮಾಡಲಾರವು, ಹಗಲಿಗೆ ಬೇಕಾದದ್ದು ಅದೇ. ಒಂದೇ ಬಗೆಯ ಎರಡು ಇಟ್ಟುಕೊಂಡು ಮೂರನೆಯದನ್ನು ಬಿಡುವುದು ದಂಡ. ಕಲೆಕ್ಟರೇಟಿಗೆ ಐದಾರು ಸಲ ಅಲೆದು ಹೊಸದನ್ನು ಷಡ್ಡಕನ ಲೈಸೆನ್ಸಿಗೆ ಹಾಕಿಸಿದೆ. ಅವನ ಬೆಲ್ಜಿಯಂ ಕೋವಿ ವ್ಯಾಪಾರಿಗೆ ಹೋಯಿತು. ಆ ಚಿತ್ತಾರ ನೆನಪಾದಾಗಲೆಲ್ಲ ಈಗಲೂ ಬೇಸರ.

2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಬೆಳೆ ಹಾಳುಮಾಡುವ ಕಾಡುಹಂದಿಗೆ ಗುಂಡು ಹೊಡೆಸುವ ಅಪ್ಪಣೆಯ ಅಧಿಕಾರವನ್ನು ಪಂಚಾಯತಿಗೆ ಕೊಟ್ಟಿತು. ವಿಷ, ಸ್ಫೋಟಕ, ಕರೆಂಟು ಕೂಡದು, ಲೈಸೆನ್ಸಿನ ಕೋವಿ ಮಾತ್ರ. ಆ ವರ್ಷ ತುಲಾ ತಿಂಗಳಲ್ಲಿ ಅಪ್ಪಣೆಯ ಕಾಗದ ಕಿಸೆಯಲ್ಲಿಟ್ಟು ಅಟ್ಟಳಿಗೆ ಹತ್ತಿದೆ, ಕೈಯಲ್ಲಿ ಅಪ್ಪನದ್ದು. ಹದಿನೆಂಟು ಹೆಜ್ಜೆ. ಹೆಗಲ ಮೇಲಿನ ಗಟ್ಟಿ ತೊಗಲಿಗೆ ಹೊಡೆಯದೆ, ಮುಂಗಾಲು ಒಂದಡಿ ಮುಂದಿಡಲಿ ಎಂದು ಕಾದೆ. ಕಾಯುವುದನ್ನು ಕಲಿಸಿದ್ದು ಕೇಪಿನ ಕೋವಿ. "ಒಂದೇ ಬೆಡಿ ಇಪ್ಪದು ಪುಳ್ಳಿ, ನೋಡಿ ಹೊಟ್ಟುಸು" (ಇರುವುದು ಒಂದೇ ಈಡು ಮೊಮ್ಮಗನೇ, ನೋಡಿ ಹೊಡೆ) ಎನ್ನುತ್ತಿದ್ದರು ಅಜ್ಜ. ಬಲ ನಳಿಗೆ ಸಾಕಾಯಿತು, ಎಡದ ತೋಟೆ ಹಾಗೇ ಡಬ್ಬಿಗೆ ಬಂತು. ಹಂದಿ ತೋಟದ ನೀರು ಹರಿಯುವ ಎರಡು ಕಣಿ ದಾಟಿ ಮೂರನೆಯದರಲ್ಲಿ ಬಿತ್ತು.

ಬೆಳಿಗ್ಗೆ ಅಧಿಕಾರಿಗಳು ಬಂದು ನೋಡಿ ಬರೆದುಕೊಂಡರು. ಗುಂಡಿ ತೋಡಿ, ಸೀಮೆಎಣ್ಣೆ ಸುರಿದು ಹೂತೆವು. ಹಾರೆ ಹಿಡಿದ ಕೆಲಸದ ಅಣ್ಣನಿಗೆ ಅದೊಂದೇ ಸಂಕಟ: "ಮಾತಲಾ ಮಣ್ಣ್‌ಗಾ ಅಣ್ಣೆರೆ?" (ಎಲ್ಲವೂ ಮಣ್ಣಿಗಾ?)

ಕೆಂಪು ಡಬ್ಬಿಯಲ್ಲಿ ಈಗ 65ರ ತೋಟೆ ಏಳು ಇವೆ. ಮಂಗಳೂರಿನ ಅಂಗಡಿಯವನು ಪ್ರತಿಸಲವೂ "70 ಉಂಟು, ಕೊಡಲಾ?" ಎಂದು ಕೇಳುತ್ತಾನೆ.