ದವಡೆ ಕೀಲಿನ ಶಸ್ತ್ರಚಿಕಿತ್ಸೆಯ ಕಲೆಗೆ ಜೆಲ್ಲೋ, ಹಾಳೆಯೋ, ಇಂಜೆಕ್ಷನ್ನೋ?

ಹೊಲಿಗೆ ಬಿಚ್ಚಿ, ಹಕ್ಕಳೆ ತಾನಾಗಿ ಉದುರಿ, ಗಾಯ ಪೂರ್ತಿ ಮುಚ್ಚುವವರೆಗೆ ಈ ಮೂರರಲ್ಲಿ ಯಾವುದೂ ಬೇಡ. ಕೀವು ಸೋರುತ್ತಿದ್ದರೆ ಮೊದಲು ಸರ್ಜನ್‌ಗೆ ತೋರಿಸಿ.

ಬಳಕೆಯ ಸುಲಭ ನೋಡಿದರೆ, ಕಿವಿಯ ಮುಂದಿನ ಕಲೆಗೆ ಸಿಲಿಕೋನ್ ಜೆಲ್ಲೇ ಸರಿ. ಅಲ್ಲಿ ಕೂದಲಿನ ಅಂಚು, ಬೆವರು, ಜೊತೆಗೆ ಬಾಯಿ ತೆರೆಯುವ ವ್ಯಾಯಾಮ ಬೇರೆ. ಸಿಲಿಕೋನ್ ಹಾಳೆಯ ಅಂಚು ಬೇಗ ಎದ್ದುಬಿಡುತ್ತದೆ. (ಕಲೆಗೆ ಹೆದರಿ ವ್ಯಾಯಾಮ ಮಾತ್ರ ಬಿಡಬೇಡಿ, ಕೀಲು ಬಿಗಿದರೆ ನಷ್ಟ ದೊಡ್ಡದು.) ಜೆಲ್ ದಿನಕ್ಕೆ 2 ಸಲ, ತೆಳು ಪದರ. ಒಣಗದೆ ಅಂಟಂಟಾಗಿದ್ದರೆ ಹೆಚ್ಚಾಗಿದೆ ಎಂದರ್ಥ, ಒರೆಸಿ ತೆಗೆಯಿರಿ.

ಖರ್ಚಿನಲ್ಲಿ ಹಾಳೆಗೆ ಒಂದು ಅನುಕೂಲ: ಹಲವು ಬಗೆಯವನ್ನು ತೊಳೆದು ಮತ್ತೆ ಬಳಸಬಹುದು. ದವಡೆಯ ಕೆಳಗಿನ ಕಲೆಗೆ, ಗಡ್ಡವಿಲ್ಲದವರಿಗೆ, ದಿನಕ್ಕೆ 12 ಗಂಟೆಗೂ ಹೆಚ್ಚು ಅಂಟಿಸಿಕೊಂಡಿರಬಲ್ಲವರಿಗೆ ಒಪ್ಪುತ್ತದೆ. ತೊಳೆಯದಿದ್ದರೆ ಅಡಿಯಲ್ಲಿ ಗುಳ್ಳೆ ಏಳುತ್ತದೆ. ಎರಡಕ್ಕೂ 2–3 ತಿಂಗಳ ತಾಳ್ಮೆ ಬೇಕು.

ಕಲೆ ಉಬ್ಬಿ, ತುರಿಸಿ, ಕೊಯ್ದ ಗೆರೆಯಾಚೆಗೂ ಹಬ್ಬುತ್ತಿದ್ದರೆ ಕೀಲಾಯ್ಡ್ (ಮಿತಿಮೀರಿ ಬೆಳೆಯುವ ಕಲೆ) ಇರಬಹುದು. ಅದಕ್ಕೆ ಸಿಲಿಕೋನ್ ಒಂದೇ ಸಾಲದು. ಕಲೆಯೊಳಕ್ಕೇ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್, ಸಾಮಾನ್ಯವಾಗಿ 4–6 ವಾರಕ್ಕೊಮ್ಮೆ. ನೋವಾಗುತ್ತದೆ; ಔಷಧ ಪಕ್ಕಕ್ಕೆ ಹರಿದರೆ ಚರ್ಮ ತೆಳುವಾಗಿ ಬಿಳಿಚಿಕೊಳ್ಳುತ್ತದೆ. ಚಪ್ಪಟೆಯಾಗಿ ಬರೀ ಕೆಂಪಗಿರುವ ಕಲೆಗೆ ಈ ಸೂಜಿ ಬೇಡವೇ ಬೇಡ.