ಇಸ್ತ್ರಿ ಪೆಟ್ಟಿಗೆಯಂಥ ಕಾರು: ಪಿಟಿ ಕ್ರೂಸರ್, ಎಚ್‌ಎಚ್‌ಆರ್, ನ್ಯೂ ಬೀಟಲ್

ಮೊದಲೇ ಹೇಳಿಬಿಡುತ್ತೇನೆ, ನಾನು ಪಿಟಿ ಕ್ರೂಸರ್ ಪಕ್ಷ. 2011ರಲ್ಲಿ ಒಹಾಯೋದಲ್ಲಿ 4,200 ಡಾಲರ್ ಕೊಟ್ಟು 2004ರ ಗಾಡಿಯೊಂದನ್ನು ಮನೆಗೆ ತಂದಾಗ ನಗದವರೇ ಇರಲಿಲ್ಲ. "ಶವದ ಗಾಡಿ ಯಾಕೋ ತಂದೆ?" ಅಂದ ಗೆಳೆಯ. ಊರಿಂದ ಬಂದಿದ್ದ ಅಮ್ಮ ಅದರ ಮೂತಿಯನ್ನೇ ಸ್ವಲ್ಪ ಹೊತ್ತು ನೋಡಿ, "ಕೆಂಡದ ಇಸ್ತ್ರಿ ಪೆಟ್ಟಿಗೆ ಇದ್ದ ಹಾಗಿದೆಯಲ್ಲೋ" ಅಂದರು. ಅವತ್ತಿನಿಂದ ನನಗೂ ಅದು ಹಾಗೇ ಕಾಣತೊಡಗಿತು.

ಕೊಳ್ಳುವ ಮುಂಚೆ ಮೂರು ಗಾಡಿ ಓಡಿಸಿ ನೋಡಿದ್ದೆ. ಕ್ರೈಸ್ಲರ್ ಪಿಟಿ ಕ್ರೂಸರ್, ಷೆವರ್ಲೆ ಎಚ್‌ಎಚ್‌ಆರ್, ಫೋಕ್ಸ್‌ವ್ಯಾಗನ್ ನ್ಯೂ ಬೀಟಲ್. ಮೂರೂ ಹಳೇ ಕಾಲದ ವೇಷ ಹಾಕಿದ ಹೊಸ ಕಾಲದ ಕಾರುಗಳು. ಎಚ್‌ಎಚ್‌ಆರ್ 1949ರ ಷೆವರ್ಲೆ ಸಬರ್ಬನ್ ನೆನಪಿನದು. ಬೀಟಲ್ ಯಾವುದರ ನೆನಪು ಅಂತ ಹೇಳಬೇಕಾಗಿಲ್ಲ. ತಮಾಷೆ ಅಂದರೆ ಮೂರೂ ತಯಾರಾಗಿದ್ದು ಮೆಕ್ಸಿಕೊದಲ್ಲಿ. ಇನ್ನೊಂದು ತಮಾಷೆ, ಪಿಟಿಗೆ ರೂಪ ಕೊಟ್ಟ ಬ್ರಯಾನ್ ನೆಸ್‌ಬಿಟ್ ಆಮೇಲೆ ಷೆವರ್ಲೆಯ ಒಡೆಯ ಜನರಲ್ ಮೋಟಾರ್ಸ್‌ಗೆ ಹೋದರು. ಎಚ್‌ಎಚ್‌ಆರ್‌ನಲ್ಲೂ ಅವರ ಕೈ ಇದೆ. ಒಬ್ಬನೇ ಅಡುಗೆಭಟ್ಟ ಎರಡು ಮದುವೆ ಮನೆಯಲ್ಲಿ ಮಾಡಿದ ಸಾರಿನ ಹಾಗೆ, ರುಚಿ ಗೊತ್ತಾಗಿಬಿಡುತ್ತದೆ.

ಬೀಟಲ್ ಓಡಿಸೋಕೆ ಮೂರರಲ್ಲಿ ಚೆಂದ. ಸ್ಟೀರಿಂಗ್ ಪಕ್ಕ ಹೂವಿಡೋಕೆ ಪುಟ್ಟ ಹೂದಾನಿ ಬೇರೆ. ಆದರೆ ಅಕ್ಕಪಕ್ಕ ಇರೋದು ಎರಡೇ ಬಾಗಿಲು. ಅಮ್ಮನನ್ನು ಹಿಂದೆ ಕೂರಿಸಿ ನೋಡೋಣ ಅಂತ ಮುಂದಿನ ಸೀಟು ಬಗ್ಗಿಸಿದೆ. ಅವರು ಒಂದು ಕೈಯಲ್ಲಿ ಸೀರೆ ನೆರಿಗೆ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಬೆಲ್ಟು ಹಿಡಿದು, ಅರ್ಧ ಒಳಗೆ ಹೋಗಿ ಅಲ್ಲೇ ನಿಂತರು. "ನಾನು ಬಸ್ಸಲ್ಲಿ ಬರ್ತೀನಿ ಬಿಡು." ಬೀಟಲ್ ಕಥೆ ಅಲ್ಲಿಗೆ ಮುಗಿಯಿತು.

ಎಚ್‌ಎಚ್‌ಆರ್ ನಿಜಕ್ಕೂ ಒಳ್ಳೆ ಗಾಡಿ. ಪೆಟ್ರೋಲ್ ಕಡಿಮೆ ಕುಡಿಯುತ್ತದೆ. ಎಂಜಿನ್ನಿನ ಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸೋಕೆ ಟೈಮಿಂಗ್ ಚೈನ್ ಇದೆ. ಪಿಟಿಗಾದರೋ ಅದರ ಬದಲು ಬೆಲ್ಟು, ಮೈಲಿ ಲೆಕ್ಕ ಹಾಕಿ ಬದಲಾಯಿಸಲೇಬೇಕು, ಕೂಲಿಯೂ ಜಾಸ್ತಿ. ಆದರೆ ಎಚ್‌ಎಚ್‌ಆರ್ ಕಿಟಕಿಗಳು ಗಿಡ್ಡ, ಕಂಬಗಳು ದಪ್ಪ. ಒಳಗೆ ಕೂತರೆ ಬಾವಿಯಿಂದ ಇಣುಕಿದ ಹಾಗೆ. ನಾನು ನೋಡಿದ 2007ರ ಗಾಡಿಗೆ 7,800 ಡಾಲರ್ ಹೇಳಿದರು. ನನ್ನ ಜೇಬಿಗೆ ಅದು ದೂರದ ಮಾತು. 2014ರಲ್ಲಿ ಇಗ್ನಿಷನ್ ಸ್ವಿಚ್ಚಿನ, ಅಂದರೆ ಕೀಲಿ ತಿರುಗಿಸುವ ಸ್ವಿಚ್ಚಿನ, ದೋಷಕ್ಕಾಗಿ ಕಂಪನಿ ವಾಪಸ್ ಕರೆದ ಗಾಡಿಗಳ ಪಟ್ಟಿಯಲ್ಲಿ ಎಚ್‌ಎಚ್‌ಆರ್ ಹೆಸರು ನೋಡಿ, ದುಡ್ಡಿಲ್ಲದ್ದೇ ಒಳ್ಳೇದಾಯ್ತು ಅಂದುಕೊಂಡೆ.

ಇನ್ನು ನನ್ನ ಇಸ್ತ್ರಿ ಪೆಟ್ಟಿಗೆ. ಸೀಟು ಊಟದ ಮೇಜಿನ ಕುರ್ಚಿಯಷ್ಟು ಎತ್ತರ. ಮಂಡಿನೋವಿನ ಅಪ್ಪ ಹತ್ತಲೂ ಬೇಕಿಲ್ಲ, ಇಳಿಯಲೂ ಬೇಕಿಲ್ಲ, ಸುಮ್ನೆ ಕೂತರೆ ಸಾಕು. ಹಿಂದಿನ ಸೀಟುಗಳನ್ನು ಪೂರ್ತಿ ಕಳಚಿ ಹೊರಗಿಡಬಹುದು. ಹೀಗೆ ಕಳಚಿದರೆ ನೆಲ ಸಪಾಟಾಗುತ್ತದೆ ಅನ್ನೋ ಕಾರಣಕ್ಕೇ ಅಮೆರಿಕದ ಇಂಧನ ನಿಯಮದಲ್ಲಿ ಇದು ಕಾರಲ್ಲ, ಲಘು ಟ್ರಕ್ಕು ಅಂತ ಲೆಕ್ಕವಾಗಿತ್ತು! ನಮ್ಮ ಮನೆಯ ಮಟ್ಟಿಗೆ ಅದು ನಿಜ. ಯುಗಾದಿ ಕಾರ್ಯಕ್ರಮಕ್ಕೆ ಎರಡು ದೊಡ್ಡ ಪಾತ್ರೆ ಬಿಸಿಬೇಳೆಬಾತು, ಹದಿನಾರು ಮಡಚುವ ಕುರ್ಚಿ, ಒಂದು ಹಾರ್ಮೋನಿಯಂ, ಎಲ್ಲ ಒಂದೇ ಸಲಕ್ಕೆ ಹೋಗಿದೆ. ಡಿಕ್ಕಿಯ ಹಲಗೆಯನ್ನು ಐದು ಥರ ಕೂರಿಸಬಹುದು. ಒಂದು ಥರ ಕೂರಿಸಿದರೆ ಮೇಜು. ಪಾರ್ಕಿನಲ್ಲಿ ಅದರ ಮೇಲೇ ಮೊಸರನ್ನ ಕಲಸಿದ್ದೂ ಉಂಟು.

ಈಗ ಕಿಟಕಿ ಗುಂಡಿಯ ವಿಷಯಕ್ಕೆ ಬರುತ್ತೇನೆ.

ಕಿಟಕಿ ಇಳಿಸುವ ಗುಂಡಿ ಎಲ್ಲಿರಬೇಕು? ಬಾಗಿಲಲ್ಲಿ, ಅಲ್ವಾ? ಪಿಟಿಯಲ್ಲಿ ಅದು ಡ್ಯಾಶ್‌ಬೋರ್ಡಿನ ನಟ್ಟನಡುವೆ, ರೇಡಿಯೋ ಮೇಲೆ. ಎಡಗಡೆ ಸ್ಟೀರಿಂಗ್ ಇರೋ ದೇಶಕ್ಕೂ ಬಲಗಡೆ ಇರೋ ದೇಶಕ್ಕೂ ಒಂದೇ ಜೋಡಣೆ ಆಗಲಿ ಅಂತ ಹಾಗೆ ಮಾಡಿರಬೇಕು, ಇದು ನನ್ನ ಊಹೆ. ಮೊದಲ ವಾರ ಕಾಫಿ ಕೊಳ್ಳಲು ಡ್ರೈವ್-ಥ್ರೂಗೆ ಹೋದೆ. ಒಳಗಿನ ಹುಡುಗಿ ಲೋಟ ಹಿಡಿದು ಕೈ ಚಾಚಿದ್ದಾಳೆ. ನಾನು ಎಡಗೈಯಲ್ಲಿ ಬಾಗಿಲನ್ನು ತಡಕುತ್ತಿದ್ದೇನೆ. ಕನ್ನಡಿ ತಿರುಗಿಸುವ ಗುಂಡಿ ಸಿಕ್ಕಿತು, ಕಿಟಕಿಯದು ಸಿಗಲಿಲ್ಲ. ಹಿಂದಿನವನು ಹಾರ್ನ್ ಹೊಡೆದ. ಗಾಬರಿಯಲ್ಲಿ ನಡುವಿನ ಗುಂಡಿ ಒತ್ತಿದರೆ ಇಳಿದದ್ದು ಆಚೆ ಬದಿಯ ಗಾಜು. ಕೊನೆಗೆ ಬಾಗಿಲು ತೆಗೆದು, ಬಿಟ್ಟ ಸಂದಿಯಲ್ಲೇ ಕೈ ತೂರಿಸಿ ಲೋಟ ತಗೊಂಡೆ.

ಹಿಂದಿನ ಕಿಟಕಿಗಳದ್ದು ಇನ್ನೂ ವಿಚಿತ್ರ. ಅವುಗಳ ಗುಂಡಿ ಮುಂದಿನ ಎರಡು ಸೀಟುಗಳ ನಡುವಿನ ಪೆಟ್ಟಿಗೆಯ ಹಿಂಬದಿಯಲ್ಲಿ, ಹೆಚ್ಚುಕಡಿಮೆ ನೆಲದ ಹತ್ತಿರ. ಮಗಳಿಗೆ ಆಗ ನಾಲ್ಕು ವರ್ಷ. ಅವಳ ಕೈಗೆ ಎಟುಕದ್ದು ಕಾಲಿಗೆ ಎಟುಕಿತು. ಜನವರಿಯ ಒಂದು ಬೆಳಗ್ಗೆ ಹೈವೇಯಲ್ಲಿ ಹೋಗುತ್ತಿದ್ದಾಗ ಕತ್ತಿನ ಹಿಂದೆ ಬರ್ಫದ ಗಾಳಿ ಹೊಡೆಯಿತು. ಬೂಟಿನ ತುದಿಯಲ್ಲಿ ಗುಂಡಿ ಒತ್ತಿ ಕೂತಿದ್ದಾಳೆ, ಮುಖದಲ್ಲಿ ವಿಜಯದ ನಗು. ನಾನು ಮುಂದೆ ನೋಡುತ್ತಲೇ ಬಲಗೈ ಹಿಂದಕ್ಕೆ ತಿರುಚಿ ತಡಕಿ ತಡಕಿ ಮುಚ್ಚುವಷ್ಟರಲ್ಲಿ ಭುಜ ಹಿಡಿದುಕೊಂಡಿತು. ನ್ಯಾಯವಾಗಿ ಹೇಳಬೇಕೆಂದರೆ ಎಚ್‌ಎಚ್‌ಆರ್ ಗುಂಡಿಗಳೂ ನಡುವೆಯೇ ಇವೆ. ಬಾಗಿಲಲ್ಲಿಟ್ಟ ಬುದ್ಧಿವಂತ ಬೀಟಲ್ ಒಂದೇ.

ಹಾಗಾದರೆ ಜನ ಪಿಟಿಯನ್ನು ಇಷ್ಟು ಬೈಯುವುದು ಈ ಗುಂಡಿಗಾ? ಅಲ್ಲ. ಮೊದಲು ಬಂದಾಗ ಇದಕ್ಕಾಗಿ ಕಾದು, ನಿಗದಿ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡವರಿದ್ದರು. 2001ರಲ್ಲಿ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿಯೂ ಬಂತು. ತಪ್ಪಾಗಿದ್ದು ಆಮೇಲೆ. 2006ರಲ್ಲಿ ಒಂದಿಷ್ಟು ತೇಪೆ ಹಾಕಿದ್ದು ಬಿಟ್ಟರೆ 2010ರವರೆಗೂ ಅದೇ ಆಕಾರ. ಒಂದೇ ಜೋಕನ್ನು ಹತ್ತು ವರ್ಷ ಹೇಳಿದರೆ ಯಾರು ನಗುತ್ತಾರೆ? ಜೊತೆಗೆ ಆಗ ಬಾಡಿಗೆ ಕಾರಿನವರ ಹತ್ತಿರವೆಲ್ಲ ಇದೇ ಇತ್ತು. ವಿಮಾನ ಇಳಿದು ಸುಸ್ತಾಗಿ ಬಂದವನಿಗೆ, ಕೇಳದೇ ಇದ್ದರೂ ಇದರ ಕೀಲಿ ಕೈಗೆ. ಬೈಯುವವರಲ್ಲಿ ಬಹಳ ಜನ ಇದನ್ನು ಎರಡು ದಿನ ಬಾಡಿಗೆಗೆ ಓಡಿಸಿದವರು, ಸೀಟು ಕಳಚಿ ನೋಡಿದವರಲ್ಲ.

ತೇಪೆಗೆ ಮುಂಚಿನ ಗಾಡಿ ಸಿಕ್ಕರೆ ಅದನ್ನೇ ಹಿಡಿಯಿರಿ. ಅದರ ಡ್ಯಾಶ್‌ಬೋರ್ಡಿನ ಮೇಲೆ ಹೊರಗಿನ ಬಣ್ಣದ್ದೇ ಪಟ್ಟಿ ಇದೆ, ನಮ್ಮದು ಕಡು ಕೆಂಪು. ಟೈಮಿಂಗ್ ಬೆಲ್ಟು ಬದಲಾಯಿಸಿದ ರಸೀದಿ ಕೇಳದೆ ದುಡ್ಡು ಕೊಡಬೇಡಿ. ಒಬ್ಬರೇ ಓಡಾಡುವವರು, ಪೆಟ್ರೋಲ್ ಲೆಕ್ಕ ಇಡುವವರು ಇದರ ತಂಟೆಗೆ ಹೋಗಬೇಡಿ. ಊರೊಳಗೆ ನಮಗೆ ಗ್ಯಾಲನ್ನಿಗೆ 20 ಮೈಲಿ ದಾಟಿದ ನೆನಪಿಲ್ಲ.

2018ರಲ್ಲಿ ಮಾರಿದೆ. ಕೊಳ್ಳಲು ಬಂದ ಮುದುಕರಿಗೆ ಮೊದಲು ಕಿಟಕಿ ಗುಂಡಿ ತೋರಿಸೋಣ ಅಂತ ಬಾಗಿಲು ತೆಗೆದೆ. ಅವರು ಆಗಲೇ ಒಳಗೆ ಕೂತು, ನೋಡದೆಯೇ ಕೈ ನಡುವಿಗೆ ಚಾಚಿ ಗಾಜು ಇಳಿಸಿದರು. "ಇದು ನನ್ನ ಮೂರನೇದು" ಅಂದರು.